ಬರ್ನ್ಸ್ ಸಪ್ಪರ್‌ಗೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಪ್ರಶ್ನೆ: ಅಮೆರಿಕದಲ್ಲಿ ನಾವಿರುವ ಊರಿನ ಸ್ಕಾಟಿಷ್ ಸೊಸೈಟಿಯವರು ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನಕ್ಕೆ, ಅಂದರೆ ಜನವರಿ 25ಕ್ಕೆ, ಊಟ ಇಟ್ಟುಕೊಂಡಿದ್ದಾರೆ. ನಾವು ಸಸ್ಯಾಹಾರಿಗಳು. ಎಂಟು ವರ್ಷದ ಮಗನಿಗೆ ಚೀಲಕ್ಕೆ ಊದಿ ನುಡಿಸುವ ವಾದ್ಯವಾದ ಬ್ಯಾಗ್‌ಪೈಪ್ ಹುಚ್ಚು ಬೇರೆ. ಊಟ, ಉಡುಗೆ, ಪಾಠ ಎಲ್ಲ ಹೇಗೆ ಅಂತ ಗೊತ್ತಿರುವವರು ಹೇಳಿ.

ಧಾರಾಳವಾಗಿ ಹೋಗಿ ಅಕ್ಕ. ಇಂಥ ಊಟಕ್ಕೆ ಸ್ಕಾಟ್ ವಂಶದವರೇ ಆಗಿರಬೇಕು ಅಂತೇನೂ ಸಾಮಾನ್ಯವಾಗಿ ಇರಲ್ಲ. ಚೀಲದಲ್ಲಿ ತುಂಬಿ ಬೇಯಿಸುವ ಹ್ಯಾಗಿಸ್ ಈ ಊಟದ ಮುಖ್ಯ ತಿನಿಸು. ಟಿಕೆಟ್ ತಗೊಳ್ಳುವಾಗಲೇ ವೆಜಿಟೇರಿಯನ್ ಹ್ಯಾಗಿಸ್ ಬೇಕು ಅಂತ ಬರೆಸಿಬಿಡಿ, ಆ ದಿನ ಕೇಳಿದರೆ ಬರೀ ಆಲೂಗಡ್ಡೆಯೇ ಗತಿ. ಮಾಮೂಲಿ ಹ್ಯಾಗಿಸ್‌ನಲ್ಲಿ ಕುರಿಯ ಗುಂಡಿಗೆ, ಲಿವರ್, ಕೊಬ್ಬು, ಓಟ್ಸ್, ಈರುಳ್ಳಿ ಇರುತ್ತೆ. ಶ್ವಾಸಕೋಶಕ್ಕೆ ಅಮೆರಿಕದಲ್ಲಿ 1971ರಿಂದ ನಿಷೇಧ, ಹಾಗಾಗಿ ಇಲ್ಲಿನದರಲ್ಲಿ ಅದು ಇರಲ್ಲ. ಸಸ್ಯಾಹಾರಿ ಹ್ಯಾಗಿಸ್ ಅನ್ನು ಎಡಿನ್‌ಬರೋದ ಮ್ಯಾಕ್‌ಸ್ವೀನ್ ಅಂಗಡಿಯವರು 1984ರಲ್ಲಿ ತಂದರು: ಓಟ್ಸ್, ಬೇಳೆ, ರಾಜ್ಮಾ, ಕ್ಯಾರೆಟ್, ಮೇಲೆ ಮೆಣಸಿನ ಘಾಟು. ಉದುರುದುರು ಉಪ್ಪಿಟ್ಟಿನ ಹದ, ಮಕ್ಕಳು ತಿಂತಾರೆ.

ಎಡವೋದು ಬೇರೆ ಕಡೆ. ಕಾಕ್-ಎ-ಲೀಕಿ ಸೂಪು ಕೋಳಿಯದು. ಗ್ರೇವಿಯಲ್ಲಿ ಮಾಂಸದ ಸ್ಟಾಕ್ ಇರಬಹುದು. ಕ್ಲೂಟಿ ಡಂಪ್ಲಿಂಗ್ ಅನ್ನೋ ಸಿಹಿಗೆ ಪದ್ಧತಿ ಪ್ರಕಾರ ದನದ ಕೊಬ್ಬು ಹಾಕ್ತಾರೆ, ನೋಡಿದರೆ ಗೊತ್ತೇ ಆಗಲ್ಲ. ಕ್ರ್ಯಾನಖನ್ ಅನ್ನೋ ಸಿಹಿ ಓಟ್ಸ್, ಕ್ರೀಮ್, ರಾಸ್ಪ್‌ಬೆರಿಯದು, ಆದರೆ ಕ್ರೀಮಿಗೆ ವಿಸ್ಕಿ ಬೆರೆಸಿರ್ತಾರೆ; ಮಗುವಿಗೆ ಬೇರೆ ಬಟ್ಟಲು ಕೇಳಿ. ಶಾರ್ಟ್‌ಬ್ರೆಡ್ ಬರೀ ಮೈದಾ, ಬೆಣ್ಣೆ, ಸಕ್ಕರೆ, ಅದಕ್ಕೆ ಯೋಚನೆ ಬೇಡ.

ಊಟದ್ದು ಒಂದು ಫೋನಿನಲ್ಲಿ ಮುಗಿಯೋ ಮಾತು. ಮಗುವನ್ನು ಕೂರಿಸೋದೇ ಕಷ್ಟ. ಪೈಪ್ ಊದುತ್ತಾ ಹ್ಯಾಗಿಸ್ ತರುವಾಗ ಎಲ್ಲರೂ ಎದ್ದು ನಿಂತು ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಹ್ಯಾಗಿಸ್ ಮೇಲೆ ಬರ್ನ್ಸ್ ಬರೆದ ಎಂಟು ನುಡಿಯ ಪದ್ಯ ಓದ್ತಾರೆ. ಮೂರನೇ ನುಡಿಯಲ್ಲಿ ಚಾಕು ಒರೆಸಿ ಹ್ಯಾಗಿಸ್ ಸೀಳೋದು, ಮಗ ಕಾಯೋದು ಅದಕ್ಕೇ. ಭಾಷಣಗಳು ಊಟದ ನಂತರ, ಉದ್ದ ಇರ್ತವೆ, ಹೆಂಗಸರ ಕುರಿತ ಟೋಸ್ಟ್‌ನಲ್ಲಿ (ಲೋಟ ಎತ್ತಿ ಶುಭ ಕೋರುವ ಭಾಷಣ) ದೊಡ್ಡವರ ನಗೆಚಾಟಿಕೆ ಇರಬಹುದು. ಟೋಸ್ಟ್‌ಗೆ ಜ್ಯೂಸ್ ಎತ್ತಿದರೂ ಯಾರೂ ಏನೂ ಅಂದುಕೊಳ್ಳಲ್ಲ. ಮನೆಯಲ್ಲೇ ಏನಾದರೂ ತಿನ್ನಿಸಿಕೊಂಡು ಹೋಗಿ. ಕೊನೆಯಲ್ಲಿ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುವಾಗ ಕೈಗಳನ್ನು ಅಡ್ಡಡ್ಡ ಹಿಡಿಯೋದು ಕೊನೇ ನುಡಿಗೆ ಮಾತ್ರ, ಬಹಳ ಜನ ಮೊದಲಿಂದಲೇ ಹಿಡಿದುಬಿಡ್ತಾರೆ.

ಕುಣಿತ ಇದ್ದರೆ ಸೀರೆ ಬೇಡ, ಚೂಡಿದಾರ್ ಹಾಕಿ, ದುಪಟ್ಟಾ ಬಿಗಿದು ಕಟ್ಟಿ. ‘ಸ್ಟ್ರಿಪ್ ದ ವಿಲ್ಲೋ’ ಅನ್ನೋ ಕುಣಿತದಲ್ಲಿ ಸಾಲುದ್ದಕ್ಕೂ ಒಬ್ಬೊಬ್ಬರನ್ನೇ ಹಿಡಿದು ಗಿರ್ರನೆ ತಿರುಗಿಸ್ತಾರೆ, ಗಾಜಿನ ಬಳೆ ಒಡೆದು ಕೈ ಕೊಯ್ಯುತ್ತೆ. ಮಕ್ಕಳಿಗೆ ಮಣಿಕಟ್ಟು ಹಿಡಿಯಬಾರದು, ಮೊಣಕೈ ಸೇರಿಸಬೇಕು. ಮೊದಲ ಸಲಕ್ಕೆ ‘ಡ್ಯಾಶಿಂಗ್ ವೈಟ್ ಸಾರ್ಜೆಂಟ್’ ವಾಸಿ: ಮೂವರ ಎದುರು ಮೂವರು, ಅಮ್ಮ-ಅಪ್ಪನ ನಡುವೆ ಮಗ ನಿಂತರೆ ತಪ್ಪು ಹೆಜ್ಜೆಯೂ ನಡೆಯುತ್ತೆ.

ಕಿಲ್ಟ್ (ಗಂಡಸರು ಉಡುವ, ಲಂಗದಂಥ ಸ್ಕಾಟಿಷ್ ಉಡುಪು) ಬಾಡಿಗೆಗೆ ತಂದರೆ ನೆರಿಗೆ ಹಿಂದೆ ಬರಬೇಕು, ಸೊಂಟದ ಪಟ್ಟಿ ಹೊಕ್ಕುಳಿನ ಮಟ್ಟಕ್ಕೆ, ಅಂಚು ಮಂಡಿಯ ಹತ್ತಿರ. ಮುಂದಿನ ಎರಡು ಪದರದಲ್ಲಿ ಪಿನ್ನನ್ನು ಮೇಲಿನದಕ್ಕೆ ಮಾತ್ರ ಚುಚ್ಚಿ. ಎರಡಕ್ಕೂ ಚುಚ್ಚಿದರೆ ಹುಡುಗ ಕೂತಾಗ ಬಟ್ಟೆ ಹರಿಯುತ್ತೆ, ದಂಡ ನೀವು ಕಟ್ಟಬೇಕು. ಪಂಚೆ, ಜುಬ್ಬದಲ್ಲಿ ಹೋದರೂ ಚೆನ್ನಾಗಿಯೇ ಇರುತ್ತೆ.

ಪೈಪ್ ವಿಷಯಕ್ಕೆ ಬಂದರೆ, ಈಗಲೇ ಬ್ಯಾಗ್‌ಪೈಪ್ ಕೊಳ್ಳಬೇಡಿ. ಮೊದಲು ಪ್ರ್ಯಾಕ್ಟೀಸ್ ಚಾಂಟರ್ (ಚೀಲವಿಲ್ಲದ, ಕಲಿಯಲು ಊದುವ ಕೊಳವೆ), ಅದೂ ಮಕ್ಕಳ ಅಳತೆಯದು. ಎಡಗೈ ಯಾವಾಗಲೂ ಮೇಲೆ, ಎಡಚನಾದರೂ ಅಷ್ಟೇ. ಬಲಗೈಯ ಬೆರಳ ತುದಿಯಿಂದ ಮುಚ್ಚಿದರೆ ಗಾಳಿ ಸೋರಿ ಕೆಳಗಿನ ಸ್ವರ ಹೊರಡಲ್ಲ, ಬೆರಳು ಚಪ್ಪಟೆಯಾಗಿ ಇಟ್ಟು ನಡುಭಾಗದಿಂದ ಮುಚ್ಚಬೇಕು. ಊದಿ ಊದಿ ಎಂಜಲ ತೇವ ಕೂತರೆ ಶ್ರುತಿ ಇಳಿದು ಸದ್ದೇ ಕಟ್ಟುತ್ತೆ. ಮೇಲ್ಭಾಗ ಕಳಚಿ, ನೀರು ಕೊಡವಿ, ರೀಡ್ (ಒಳಗೆ ಅದುರಿ ನಾದ ಹೊರಡಿಸುವ ಪಟ್ಟಿ) ಒಣಗಲು ಬಿಡಿ. ಸೊಸೈಟಿಯವರನ್ನು ಕೇಳಿದರೆ ಹತ್ತಿರದ ಪೈಪ್ ಬ್ಯಾಂಡ್ ಹೇಳ್ತಾರೆ, ಎಷ್ಟೋ ಬ್ಯಾಂಡ್‌ಗಳು ಪಾಠಕ್ಕೆ ಕಾಸು ತಗೊಳ್ಳಲ್ಲ.

ಪ್ರಶ್ನೆ: ಹಾಗಾದರೆ ಮಗನ ಕರ್ನಾಟಕ ಸಂಗೀತದ ಕ್ಲಾಸ್ ಬಿಡಿಸಬೇಕಾ?

ಬೇಡವೇ ಬೇಡ. ಪೈಪಿನ ಒಂಬತ್ತು ಸ್ವರ ಹೆಚ್ಚೂಕಡಿಮೆ ಹರಿಕಾಂಭೋಜಿ ರಾಗದವೇ, ಮಂದ್ರದ ನಿಷಾದದಿಂದ ತಾರಷಡ್ಜದವರೆಗೆ. ಡ್ರೋನ್‌ಗಳು, ಅಂದರೆ ಒಂದೇ ಸ್ವರ ನುಡಿಯುವ ಕೊಳವೆಗಳು, ಷಡ್ಜ ಹಿಡಿದಿರ್ತವೆ. ಶ್ರುತಿಪೆಟ್ಟಿಗೆಗೆ ಒಗ್ಗಿದ ಕಿವಿಗೆ ಅದು ಹೊಸದೇನಲ್ಲ. ಕೀಬೋರ್ಡ್ ಜೊತೆ ಮಾತ್ರ ನುಡಿಸಲು ಹೋಗಬೇಡಿ: ಪೈಪಿನವರು ‘ಎ’ ಅನ್ನೋ ಸ್ವರ ಕೀಬೋರ್ಡಿನ ‘ಬಿ-ಫ್ಲ್ಯಾಟ್’ ಸ್ವರಕ್ಕಿಂತಲೂ ಚೂರು ಮೇಲೆ.