ಸಹಾಯ ಬೇಕು: ಮನೆಪಾಠದಲ್ಲಿ ಕನ್ನಡ ಹಿಂದೆ ಬೀಳ್ತಿದೆ

ನಮಸ್ಕಾರ. ನಾವು ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಹನ್ನೊಂದು ವರ್ಷದ ಮಗಳು ಮನೆಯಲ್ಲೇ ಕಲಿಯುತ್ತಾಳೆ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಮಂಡಳಿಯಾದ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಬರೆಸುವ ಯೋಚನೆ. ವಾರವಿಡೀ ಗಣಿತ, ವಿಜ್ಞಾನ, ಇಂಗ್ಲಿಷ್. ಶುಕ್ರವಾರ ಇತಿಹಾಸ. ಮೊನ್ನೆ ಪೇಶ್ವೆಗಳ ಅರಮನೆ ಶನಿವಾರವಾಡ ನೋಡಿ ಬಂದು, ಅದು ಕಟ್ಟಿ ಮುಗಿದ 1732ರಿಂದ ಎಷ್ಟು ವರ್ಷ ಆಯಿತು ಅಂತ ಲೆಕ್ಕ ಹಾಕಿದ್ದೇ ಅವತ್ತಿನ ಗಣಿತ!

ಕನ್ನಡ ಮಾತ್ರ ಭಾನುವಾರಕ್ಕೆ ಜಾರುತ್ತದೆ. ಮಾತು ಸಲೀಸು, ಒತ್ತಕ್ಷರ ಬಂದರೆ ಮುಗೀತು. ‘ಸೂರ್ಯ’ ಅಂತಿದ್ದರೆ ‘ಸೂಯ್ರ’ ಅಂತ ಓದುತ್ತಾಳೆ. ಮರಾಠಿಯಲ್ಲಿ ಆ ‘ರ್’ ಅಕ್ಷರದ ತಲೆ ಮೇಲೆ, ನಮ್ಮಲ್ಲಿ ಅರ್ಕಾವತ್ತು ಪಕ್ಕದಲ್ಲಿ, ಅಲ್ವಾ? ಕಾಪಿ ಬರೆಸಿದೆ. ಅಜ್ಜಿ ವಿಡಿಯೊ ಕಾಲ್‌ನಲ್ಲಿ ಓದಿಸಿದರು. ಎರಡೇ ದಿನಕ್ಕೆ ಮತ್ತೆ ಅದೇ ಕಥೆ.

ದಿನಾ ಹತ್ತು ನಿಮಿಷ ಬರೀ ಒತ್ತಕ್ಷರ ಮಾಡಿಸಲೋ, ಇಲ್ಲ ವಿಜ್ಞಾನದ ಪಾಠವನ್ನೇ ಕನ್ನಡದಲ್ಲಿ ಓದಿಸಲೋ? ನಿಮ್ಮ ಮಕ್ಕಳಿಗೆ ಯಾವುದು ಹಿಡಿಸಿತು?