ಹೈಬ್ರಿಡ್ ಸೈಕಲ್: ಮೀಡಿಯಮ್ಮೋ ಲಾರ್ಜೋ, ಆನ್‌ಲೈನೋ ಅಂಗಡಿಯೋ?

ಕೇಳಿದವರು:
ದಿನಾ ಕೆಲಸಕ್ಕೆ ಹೋಗಿಬರಲು, ರಜೆ ಇದ್ದಾಗ ಸ್ವಲ್ಪ ದೂರ ಸುತ್ತಲು ಒಂದು ಹೈಬ್ರಿಡ್ ಸೈಕಲ್ (ರೋಡ್ ಸೈಕಲ್, ಮೌಂಟನ್ ಸೈಕಲ್ ಎರಡೂ ಬೆರೆತದ್ದು) ತಗೋಬೇಕು ಅಂತಿದ್ದೇನೆ. ನನ್ನ ಎತ್ತರ 172 ಸೆಂಟಿಮೀಟರ್. ಇಷ್ಟವಾದ ಮಾಡೆಲ್ ಆನ್‌ಲೈನ್‌ನಲ್ಲಿ ಮಾತ್ರ ಇದೆ. ಅವರ ಚಾರ್ಟಿನಲ್ಲಿ ಮೀಡಿಯಂ 162ರಿಂದ 173, ಲಾರ್ಜ್ 171ರಿಂದ 182. ಎರಡರಲ್ಲೂ ನಾನಿದ್ದೇನೆ! ಅಂಗಡಿಗೆ ಹೋಗಿ ಬೇರೆ ಮಾಡೆಲ್ ಹತ್ತಿ ನೋಡಿದೆ. ‘ನಿಮಗೆ ಲಾರ್ಜೇ ಸರಿ, ಸೀಟ್ ಇಳಿಸಿಕೊಂಡರೆ ಆಯ್ತು’ ಅಂದರು. ನಂಬಬಹುದಾ? ತಗೊಂಡು ಓಡಿಸಿದವರು ಹೇಳಿ.

ಹಳೇ ಪೆಡಲ್:
ಸೀಟ್ ಇಳಿಸಿದರೆ ನೆಲಕ್ಕೆ ಕಾಲು ಸಿಗುತ್ತದೆ, ಅಷ್ಟೇ. ಹ್ಯಾಂಡಲ್ ಹತ್ತಿರ ಬರುವುದಿಲ್ಲ. ದೊಡ್ಡ ಸೈಕಲ್ ತಗೊಂಡವರು ಕೊನೆಗೆ ದೂರುವುದು ಕಾಲಿನ ಬಗ್ಗೆ ಅಲ್ಲ. ಕೈ, ಭುಜ, ಕತ್ತಿನ ಬಗ್ಗೆ. ಅರ್ಧ ಗಂಟೆ ತುಳಿದರೆ ಅಂಗೈ ಜೋಮು ಹಿಡಿಯುತ್ತದೆ. ಮೈ ತಾನಾಗಿ ಸೀಟಿನ ಮುಂದಿನ ತುದಿಗೆ ಜಾರುತ್ತಿರುತ್ತದೆ. ಆಗ ಜನ ಜೆಲ್ ಸೀಟು, ದಪ್ಪ ಗ್ಲೌಸು ಅಂತ ದುಡ್ಡು ಸುರಿಯುತ್ತಾರೆ. ಫ್ರೇಮ್ ಉದ್ದವಾಗಿದೆ ಅನ್ನೋದು ಯಾರಿಗೂ ಹೊಳೆಯುವುದಿಲ್ಲ.

ಸೀಟಿನ ಎತ್ತರವನ್ನು ಅಕ್ಕಪಕ್ಕದ ಎರಡು ಸೈಜುಗಳಲ್ಲೂ ಹೊಂದಿಸಿಕೊಳ್ಳಬಹುದು. ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರವನ್ನು ಹೊಂದಿಸುವುದೇ ಕಷ್ಟ. ಹಾಗಾಗಿ ಸೈಜ್ ಆರಿಸುವಾಗ ನಾನು ಮೊದಲು ನೋಡುವುದು ಆ ದೂರವನ್ನು. ಎತ್ತರದ ಚಾರ್ಟ್ ಅದನ್ನು ಹೇಳುವುದಿಲ್ಲ. 172 ಸೆಂಟಿಮೀಟರ್ ಇರುವ ಇಬ್ಬರಲ್ಲಿ ಒಬ್ಬರಿಗೆ ಉದ್ದ ಕಾಲು, ಇನ್ನೊಬ್ಬರಿಗೆ ಉದ್ದ ಬೆನ್ನು ಇರಬಹುದು. ಚಾರ್ಟಿಗೆ ಇಬ್ಬರೂ ಒಂದೇ.

ಮೊದಲು ಒಳಗಾಲಿನ ಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ತೊಡೆಸಂದಿನಲ್ಲಿ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟು ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರಬೇಕು, ಇಲ್ಲದಿದ್ದರೆ ಅದು ಓರೆಯಾಗಿ ಅಳತೆ ಕೆಡುತ್ತದೆ. ಮೇಲಿನ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಳೆಯಿರಿ. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ, ಅದು ಯಾವಾಗಲೂ ಕಡಿಮೆಯೇ ಇರುತ್ತದೆ.

ಆ ಸಂಖ್ಯೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಒಳಗಾಲು 80 ಇದ್ದರೆ ಸುಮಾರು 70.6 ಸೆಂಟಿಮೀಟರ್. ಇದು ರೇಸ್ ಸೈಕಲ್‌ನವರ ಹಳೇ ಸೂತ್ರ. ಶುರು ಮಾಡಲು ಸಾಕು, ಆಮೇಲೆ ಅರ್ಧ ಸೆಂಟಿಮೀಟರ್ ಆ ಕಡೆ ಈ ಕಡೆ ನೀವೇ ಮಾಡಿಕೊಳ್ಳುತ್ತೀರಿ. ಇನ್ನೊಂದು ಸೂತ್ರವೂ ಓಡಾಡುತ್ತದೆ: ಒಳಗಾಲನ್ನು 0.66ರಿಂದ ಗುಣಿಸಿದರೆ ಫ್ರೇಮ್ ಸೈಜ್ ಬರುತ್ತದೆ ಅಂತ. ಅದು ಮೇಲಿನ ದಂಡ ನೆಲಕ್ಕೆ ಸಮವಾಗಿದ್ದ ಕಾಲದ ಲೆಕ್ಕ. ಈಗಿನ ಹೈಬ್ರಿಡ್‌ಗಳಲ್ಲಿ ಆ ದಂಡ ಹಿಂದಕ್ಕೆ ಇಳಿಜಾರಾಗಿರುತ್ತದೆ, ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಫ್ರೇಮಿನ ಕೊಳವೆ) ಗಿಡ್ಡ. ಸೂತ್ರ ನಂಬಿ ಹೋದರೆ ಒಂದು ಸೈಜ್ ದೊಡ್ಡದನ್ನೇ ತರುತ್ತೀರಿ.

ಈಗ ಮಾಡೆಲ್‌ನ ಜಿಯೊಮೆಟ್ರಿ ಕೋಷ್ಟಕ, ಅಂದರೆ ಫ್ರೇಮಿನ ಅಳತೆಗಳ ಪಟ್ಟಿ, ತೆಗೆಯಿರಿ. ಅದು ಕೊಡದ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಸೈಕಲ್ ತಗೋಬೇಡಿ, ಸುಮ್ನೆ ಲಾಟರಿ ಆಗುತ್ತದೆ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರುತ್ತದೆ. 18 ಇಂಚು ಅಂತ ಬರೆದಿದ್ದರೂ ಒಬ್ಬರು ಅದನ್ನು ಸೀಟ್ ಟ್ಯೂಬಿನ ತುದಿವರೆಗೆ ಅಳೆದಿರುತ್ತಾರೆ, ಇನ್ನೊಬ್ಬರು ಮೇಲಿನ ದಂಡ ಬಂದು ಸೇರುವ ಜಾಗದವರೆಗೆ.

ಕೋಷ್ಟಕದಲ್ಲಿ ನಿಮಗೆ ಬೇಕಾದದ್ದು ನಾಲ್ಕೇ ಸಾಲು. ಸ್ಟ್ಯಾಂಡ್‌ಓವರ್ ಅಂದರೆ ಮೇಲಿನ ದಂಡ ನೆಲದಿಂದ ಎಷ್ಟು ಎತ್ತರ ಅನ್ನುವುದು. ಅದು ನಿಮ್ಮ ಒಳಗಾಲಿಗಿಂತ 3ರಿಂದ 5 ಸೆಂಟಿಮೀಟರ್ ಆದರೂ ಕಡಿಮೆ ಇರಲಿ. ಸಿಗ್ನಲ್‌ನಲ್ಲಿ ದಡಕ್ಕನೆ ಮುಂದಕ್ಕೆ ಇಳಿದಾಗ ಯಾಕೆ ಅಂತ ಗೊತ್ತಾಗುತ್ತದೆ. ಸ್ಟ್ಯಾಕ್ ಅಂದರೆ ಕ್ರ್ಯಾಂಕಿನ ಅಚ್ಚಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದುಗಡೆ ಹ್ಯಾಂಡಲ್ ಕೂರುವ ಕೊಳವೆ) ಮೇಲಿನ ತುದಿ ಎಷ್ಟು ಮೇಲಿದೆ, ರೀಚ್ ಅಂದರೆ ಎಷ್ಟು ಮುಂದಿದೆ. ನಾಲ್ಕನೆಯದು ಎಫೆಕ್ಟಿವ್ ಟಾಪ್ ಟ್ಯೂಬ್. ಇದು ಸೀಟ್‌ಪೋಸ್ಟ್‌ನಿಂದ (ಸೀಟ್ ಹೊತ್ತ ಕಂಬ) ಹೆಡ್ ಟ್ಯೂಬಿನವರೆಗೆ ನೆಲಕ್ಕೆ ಸಮವಾಗಿ ಅಳೆದ ದೂರ.

ಎಲ್ಲರೂ ರೀಚ್ ರೀಚ್ ಅಂತಾರೆ. ಆದರೆ ರೀಚ್ ಎದ್ದು ನಿಂತು ತುಳಿಯುವಾಗಿನ ಅಳತೆ. ಹೈಬ್ರಿಡ್‌ನಲ್ಲಿ ನಾವು ಜಾಸ್ತಿ ಹೊತ್ತು ಕೂತೇ ಇರುತ್ತೇವೆ ಅಲ್ವಾ? ಅದಕ್ಕೆ ನಾನು ಎಫೆಕ್ಟಿವ್ ಟಾಪ್ ಟ್ಯೂಬಿಗೆ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು; ಫೋರ್ಕ್ ಅಂದರೆ ಮುಂದಿನ ಗಾಲಿ ಹಿಡಿಯುವ ಕವಲು) ಉದ್ದ ಕೂಡಿಸಿ ಹೋಲಿಸುತ್ತೇನೆ. ಒಂದು ಸೈಕಲ್ 570 ಮಿಲಿಮೀಟರ್ ಇದ್ದು ಸ್ಟೆಮ್ 100 ಇರಬಹುದು, ಇನ್ನೊಂದು 590 ಇದ್ದು ಸ್ಟೆಮ್ 70 ಇರಬಹುದು. ಕಾಗದದ ಮೇಲೆ ಎರಡನೆಯದು ಉದ್ದದ ಫ್ರೇಮ್. ಕೂತಾಗ ಅದೇ 10 ಮಿಲಿಮೀಟರ್ ಹತ್ತಿರ.

ಯಾವುದಕ್ಕೆ ಹೋಲಿಸೋದು ಅಂದರೆ, ನಿಮಗೆ ಹಿತವಾಗಿರುವ ಯಾವುದಾದರೂ ಸೈಕಲ್‌ಗೆ. ನಿಮ್ಮ ಹಳೆಯದಿರಲಿ, ಗೆಳೆಯರದ್ದಿರಲಿ, ಅಂಗಡಿಯಲ್ಲಿ ಹತ್ತಿ ನೋಡಿದ್ದಿರಲಿ. ಅದರ ಕೋಷ್ಟಕ ಹುಡುಕಿ, ಪಕ್ಕದಲ್ಲಿಟ್ಟು ನೋಡಿ. ಹೋಲಿಸಲು ಏನೂ ಇಲ್ಲದೆ ಬರೀ ಸಂಖ್ಯೆ ನೋಡಿದರೆ ಏನೂ ತಿಳಿಯುವುದಿಲ್ಲ.

ಉದ್ದ ಕೈಯವನು:
ಒಂದು ತಕರಾರು. ನಾನೂ ಹೀಗೇ ನಡುವೆ ಸಿಕ್ಕಿದ್ದೆ, ದೊಡ್ಡದನ್ನೇ ತಗೊಂಡೆ, ಆರಾಮಾಗಿದೆ. ನನ್ನ ಎರಡೂ ಕೈ ಚಾಚಿದರೆ ಎತ್ತರಕ್ಕಿಂತ 6 ಸೆಂಟಿಮೀಟರ್ ಜಾಸ್ತಿ. ಚಿಕ್ಕ ಫ್ರೇಮಿನಲ್ಲಿ ಕೂತರೆ ಎದೆ ಕುಗ್ಗಿದ ಹಾಗಾಗುತ್ತದೆ, ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತದೆ. ‘ಎರಡು ಸೈಜಿನ ನಡುವೆ ಇದ್ದರೆ ಚಿಕ್ಕದೇ’ ಅಂತ ಜನ ಹೇಳೋದನ್ನ ಕಣ್ಣುಮುಚ್ಚಿ ಒಪ್ಪಬೇಡಿ. ಗೋಡೆಗೆ ಒರಗಿ ಕೈ ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆಸಿಕೊಳ್ಳಿ. ಎತ್ತರಕ್ಕಿಂತ ಜಾಸ್ತಿ ಬಂದರೆ ದೊಡ್ಡದು, ಕಡಿಮೆ ಬಂದರೆ ಚಿಕ್ಕದು.

ಹಳೇ ಪೆಡಲ್:
ಒಪ್ಪಿದೆ. ನಿಮ್ಮ ಕೈಗೆ ನಿಮ್ಮ ಲೆಕ್ಕ ಸರಿ. ಆದರೆ ಕೈ ಅಳತೆ ಎತ್ತರಕ್ಕೆ ಸಮ ಇದ್ದರೆ ನಾನು ಚಿಕ್ಕದಕ್ಕೇ ಓಟು ಹಾಕುತ್ತೇನೆ. ಚಿಕ್ಕ ಸೈಕಲನ್ನು ಸ್ವಲ್ಪ ದೊಡ್ಡದು ಮಾಡಬಹುದು: ಸೀಟ್ ಏರಿಸಿ, ಸ್ಟೆಮ್ 10 ಮಿಲಿಮೀಟರ್ ಉದ್ದದ್ದು ಹಾಕಿ. ದೊಡ್ಡದನ್ನು ಚಿಕ್ಕದು ಮಾಡಲು ಹೋದರೆ ಬೇಗ ದಾರಿ ಮುಗಿಯುತ್ತದೆ. ಸೀಟನ್ನು ಮುಂದಕ್ಕೆ ತಳ್ಳಿ ಹ್ಯಾಂಡಲ್ ಹತ್ತಿರ ಮಾಡಿಕೊಳ್ಳುವವರಿದ್ದಾರೆ. ಆಗ ಮೊಣಕಾಲು ಪೆಡಲ್‌ಗಿಂತ ಮುಂದೆ ಹೋಗಿ ನೋವು ಶುರುವಾಗುತ್ತದೆ. ಸೀಟಿನ ಹಳಿ ಇರುವುದು ಕಾಲಿಗೆ ಹೊಂದಿಸಲು, ಕೈಗಲ್ಲ.

ಸೀಟ್ ಏರಿಸುವಾಗ ಸೀಟ್‌ಪೋಸ್ಟ್ ಮೇಲೆ ಅಡ್ಡಗೆರೆಯ ಗುರುತು ಇರುತ್ತದೆ. ಅದು ಹೊರಗೆ ಕಾಣಿಸುವಷ್ಟು ಎಳೆಯಬಾರದು. ಫ್ರೇಮ್ ಸೀಳಬಹುದು.

ಡಬ್ಬ ಬಿಚ್ಚಿದವಳು:
ಆನ್‌ಲೈನ್ ತರಿಸಿದವಳು ನಾನು. ಸೈಜಿನ ಬಗ್ಗೆ ಮೇಲಿನವರು ಹೇಳಿದ್ದು ಸಾಕು, ಡಬ್ಬ ಬಂದ ದಿನದ ಬಗ್ಗೆ ಹೇಳುತ್ತೇನೆ.

‘ಶೇಕಡಾ 85 ಭಾಗ ಜೋಡಿಸಿ ಕಳಿಸುತ್ತೇವೆ’ ಅಂತಾರೆ. ಉಳಿದದ್ದು ಮುಂದಿನ ಗಾಲಿ, ಹ್ಯಾಂಡಲ್, ಸೀಟು, ಪೆಡಲ್. ಕೇಳಲು ಸುಲಭ. ಆದರೆ ಪೂರ್ತಿ ಸೈಕಲ್‌ನಲ್ಲಿ ಮುರಿದರೆ ಬೀಳಿಸುವ ಜಾಗಗಳೆಲ್ಲ ಆ ಉಳಿದ ಭಾಗದಲ್ಲೇ ಇವೆ.

ಮೊದಲು ಫೋರ್ಕ್. ಡಬ್ಬದಲ್ಲಿ ಜಾಗ ಉಳಿಸಲು ಅದನ್ನು ಹಿಂದುಮುಂದು ತಿರುಗಿಸಿಟ್ಟಿರುತ್ತಾರೆ. ಹಾಗೇ ಹ್ಯಾಂಡಲ್ ಬಿಗಿದರೆ ಸೈಕಲ್ ಓಡುತ್ತದೆ, ಆದರೆ ಅಂಕೆಗೆ ಸಿಗುವುದಿಲ್ಲ. ಫೋರ್ಕ್ ಕೆಳಗೆ ಮುಂದಕ್ಕೆ ಬಾಗಿರಬೇಕು. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಬ್ರೇಕಿನ ಭಾಗ) ಕೂತವರ ಎಡಗಡೆಗೆ ಬರಬೇಕು. ಬಲಗಡೆ ಬಂದಿದ್ದರೆ ಫೋರ್ಕ್ ತಿರುಗಿದೆ ಅಂತಲೇ.

ಪೆಡಲ್‌ಗಳ ಮೇಲೆ ಎಲ್ ಮತ್ತು ಆರ್ ಅಂತ ಕೆತ್ತಿರುತ್ತದೆ. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ (ತಿರುಪಿನ ಎಳೆ). ನೆನಪಿಡಲು ಸುಲಭದ ದಾರಿ: ಎರಡನ್ನೂ ಸೈಕಲ್‌ನ ಮುಂದಿನ ಗಾಲಿಯ ಕಡೆ ತಿರುಗಿಸಿದರೆ ಬಿಗಿಯಾಗುತ್ತವೆ. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಕ್ರ್ಯಾಂಕ್ ತೋಳೇ ಹಾಳು.

ಹೈಡ್ರಾಲಿಕ್ (ತಂತಿಯ ಬದಲು ದ್ರವದ ಒತ್ತಡದ) ಬ್ರೇಕ್ ಆಗಿದ್ದರೆ, ಗಾಲಿ ಹಾಕುವ ಮೊದಲು ಯಾರೂ ಬ್ರೇಕ್ ಲಿವರ್ ಹಿಂಡಬಾರದು. ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಇಟ್ಟಿರುತ್ತಾರೆ. ಅದನ್ನು ತೆಗೆದು, ಡಿಸ್ಕ್ ಒಳಗಿಲ್ಲದಾಗ ಹಿಂಡಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಇದು ನಡೆದೇ ನಡೆಯುತ್ತದೆ.

ಸ್ಟೆಮ್‌ನ ಮುಂದಿನ ಬೋಲ್ಟ್‌ಗಳನ್ನು ಅಡ್ಡಡ್ಡ ಜೋಡಿಯಾಗಿ ಸ್ವಲ್ಪಸ್ವಲ್ಪ ಬಿಗಿಯಿರಿ. ಎಷ್ಟು ಬಿಗಿ ಅನ್ನುವುದನ್ನು ಸಾಮಾನ್ಯವಾಗಿ ಸ್ಟೆಮ್ ಮೇಲೇ ನ್ಯೂಟನ್ ಮೀಟರ್‌ನಲ್ಲಿ ಬರೆದಿರುತ್ತಾರೆ, ಹೆಚ್ಚಾಗಿ 4ರಿಂದ 6. ಟಾರ್ಕ್ ಕೀ (ಬಿಗಿತ ಅಳೆದು ತಿರುಗಿಸುವ ಕೀ) ಇಲ್ಲದಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳದೆ ಮೆಕ್ಯಾನಿಕ್ ಕೈಗೆ ಕೊಟ್ಟುಬಿಡಿ. ಆ ಖರ್ಚನ್ನೂ ಸೇರಿಸಿಯೇ ಆನ್‌ಲೈನ್ ಅಗ್ಗವೋ ಅಲ್ಲವೋ ಲೆಕ್ಕ ಹಾಕಿ. ಕೆಲವು ಕಂಪನಿಗಳ ವಾರಂಟಿ ನಿಲ್ಲಬೇಕಾದರೆ ತಿಳಿದ ಮೆಕ್ಯಾನಿಕ್ಕೇ ಜೋಡಿಸಿರಬೇಕು, ಆ ರಸೀದಿ ಇಟ್ಟುಕೊಳ್ಳಿ.

ಡಬ್ಬ ಒಳಗೆ ತರುವ ಮೊದಲೇ ನಾಲ್ಕೂ ಕಡೆ ಫೋಟೊ ತೆಗೆಯಿರಿ. ಬಿಚ್ಚಿದ ಮೇಲೆ ಹಿಂದಿನಿಂದ ಬಗ್ಗಿ ನೋಡಿ: ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ನೇತಾಡುವ ಪುಟ್ಟ ಲೋಹದ ತುಂಡು ಒಳಕ್ಕೆ ಬಾಗಿದೆಯಾ? ಸಾಗಣೆಯಲ್ಲಿ ಪೆಟ್ಟು ತಿನ್ನುವುದು ಅದೇ. ಬಾಗಿದ್ದರೆ ಗೇರ್ ಎಷ್ಟು ಹೊಂದಿಸಿದರೂ ಕಟಕಟ ಅನ್ನುತ್ತಿರುತ್ತದೆ. ಕೆಳಗಿನ ಗೇರ್‌ಗೆ ಹಾಕಿದಾಗ ಡಿರೇಲರ್ ಕಡ್ಡಿಗಳ ಒಳಗೆ ಸಿಕ್ಕಿ ಗಾಲಿಯನ್ನೇ ಹಿಡಿದುಬಿಡಬಹುದು.

ಅಂಗಡಿ ಪಕ್ಷ:
ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು, ಮೊದಲ ಸೈಕಲ್ ಅಂಗಡಿಯಲ್ಲೇ ತಗೊಳ್ಳಿ. ಆದರೆ ಹತ್ತಿ ಕೂತು ‘ಹೂಂ, ಚೆನ್ನಾಗಿದೆ’ ಅಂದರೆ ಅದು ನೋಡಿದ ಹಾಗಲ್ಲ. ಮೊದಲು ಅಳೆದಷ್ಟು ಎತ್ತರಕ್ಕೆ ಸೀಟ್ ಏರಿಸಲು ಹೇಳಿ. ಅಂಗಡಿಯಲ್ಲಿ ಸೀಟು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಎರಡೂ ಕಾಲು ನೆಲಕ್ಕೆ ತಾಗಿ ಗಿರಾಕಿಗೆ ಧೈರ್ಯ ಬರಲಿ ಅಂತ. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಲ್ಲಿ ತುಳಿಯುವಾಗ ಮೊಣಕಾಲು ತುಸು ಮಡಿಯುತ್ತದೆ, ಅದು ಸರಿ.

ಆಮೇಲೆ ಹೊರಗೆ ಓಡಿಸಿ. ನೇರ ರಸ್ತೆಯಲ್ಲಿ ಎಲ್ಲ ಸೈಕಲ್ಲೂ ಚೆನ್ನಾಗೇ ಇರುತ್ತದೆ. ನಿಧಾನಕ್ಕೆ ಪೂರ್ತಿ ಯು-ಟರ್ನ್ ತಗೊಳ್ಳಿ. ಬೂಟಿನ ತುದಿ ಮುಂದಿನ ಗಾಲಿಗೆ ತಾಗುತ್ತದಾ? ಚಿಕ್ಕ ಸೈಜಿನ ಫ್ರೇಮುಗಳಲ್ಲಿ, ಅದರಲ್ಲೂ ಮಡ್‌ಗಾರ್ಡ್ ಹಾಕಿದ ಮೇಲೆ, ಇದು ಆಗುತ್ತದೆ. ಒಂದು ಏರು ಹತ್ತಿ. ಎರಡು ನಿಮಿಷ ಕೂತಲ್ಲೇ ಕೂತು ಮೊಣಕೈ ಗಮನಿಸಿ. ಅದು ಸೆಟೆದು ನೇರವಾಗಿಬಿಟ್ಟಿದ್ದರೆ ಸೈಕಲ್ ಉದ್ದ. ಅಂಗಡಿಯವರ ಬಾಯಿ ಏನೇ ಹೇಳಲಿ, ನಿಮ್ಮ ಮೊಣಕೈ ಸುಳ್ಳು ಹೇಳುವುದಿಲ್ಲ.

ನಿಮ್ಮ ಸೈಜ್ ಇಲ್ಲದೆ ‘ಇದೇ ಆಗುತ್ತೆ’ ಅಂದರೆ, ಅವರ ಬಳಿ ಇರುವುದು ಅದೊಂದೇ ಅಂತ ತಿಳ್ಕೊಳ್ಳಿ. ‘ನನ್ನ ಸೈಜ್ ತರಿಸಿಕೊಡಿ’ ಅನ್ನಿ.

ಗೇರ್ ಎಷ್ಟು ಅಂತ ಎಣಿಸಬೇಡಿ. ಅಗ್ಗದ ಸಸ್ಪೆನ್ಷನ್ ಫೋರ್ಕ್‌ಗಿಂತ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ ಹಗುರ. ಟಾರು ರಸ್ತೆಗೆ 38 ಅಥವಾ 40 ಮಿಲಿಮೀಟರ್ ಟೈರ್ ಇದ್ದರೆ ಗುಂಡಿಗಳಿಗೆ ಅದೇ ಸಾಕು. ದಿನಾ ಬ್ಯಾಗ್ ಒಯ್ಯುವವರಾದರೆ ಹಿಂದೆ ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸಲು ಥ್ರೆಡ್ ಇರುವ ತೂತುಗಳಿವೆಯಾ ನೋಡಿ. ಅವು ಇಲ್ಲದ ಫ್ರೇಮಿಗೆ ಆಮೇಲೆ ಕ್ಲಾಂಪ್ ಹಾಕಿ ಒದ್ದಾಡಬೇಕಾಗುತ್ತದೆ.

ಚಿಕ್ಕ ಕೈ:
ಯಾರೂ ಹೇಳದ ಒಂದು ವಿಷಯ. ಬೆರಳು ಚಿಕ್ಕದಿದ್ದರೆ ಬ್ರೇಕ್ ಲಿವರ್ ದೂರ ಅನ್ನಿಸುತ್ತದೆ. ಹೆಚ್ಚಿನ ಲಿವರ್‌ಗಳಲ್ಲಿ ಅದನ್ನು ಹತ್ತಿರ ತರಲು ಪುಟ್ಟ ಸ್ಕ್ರೂ ಇರುತ್ತದೆ. ಇನ್ನು ಹ್ಯಾಂಡಲ್ ಅಗಲ: ಭುಜಕ್ಕಿಂತ ತುಂಬಾ ಅಗಲ ಇದ್ದರೆ ಕೈ ಇನ್ನೂ ಚಾಚಬೇಕಾಗುತ್ತದೆ. ಹಿಡಿಗಳನ್ನು, ಲಿವರ್‌ಗಳನ್ನು ಒಳಗೆ ಸರಿಸಿ ಕೆಲವು ದಿನ ಓಡಿಸಿ, ಹಿತವಾದರೆ ಹ್ಯಾಂಡಲಿನ ಎರಡೂ ತುದಿ ಕತ್ತರಿಸಿ. ನನಗೆ ಸ್ಟೆಮ್ ಬದಲಿಸುವ ಗೋಜೇ ಬರಲಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ಒಳಗಾಲು 78, ಕೈ ಚಾಚಿದರೆ 170. ಆನ್‌ಲೈನ್ ಮಾಡೆಲ್‌ನ ಮೀಡಿಯಂ: ಸ್ಟ್ಯಾಂಡ್‌ಓವರ್ 74 ಸೆಂಟಿಮೀಟರ್, ಎಫೆಕ್ಟಿವ್ ಟಾಪ್ ಟ್ಯೂಬ್ 572 ಮಿಲಿಮೀಟರ್, ಸ್ಟೆಮ್ 80 ಮಿಲಿಮೀಟರ್. ಲಾರ್ಜ್: 77, 592, ಸ್ಟೆಮ್ 90. ಅಂಗಡಿಯಲ್ಲಿ ಹತ್ತಿದ ಲಾರ್ಜ್ 588, ಸ್ಟೆಮ್ 90. ಅದರಲ್ಲಿ ಮೊಣಕೈ ಸೆಟೆದಿತ್ತು, ಈಗ ನೆನಪಾಗುತ್ತಿದೆ.

ಹಳೇ ಪೆಡಲ್:
ಹಾಗಾದರೆ ಮೀಡಿಯಂ. ಕೂಡಿಸಿ ನೋಡಿ: ಅಂಗಡಿಯದು 678, ಇವರ ಲಾರ್ಜ್ 682, ಮೀಡಿಯಂ 652. ಅಂಗಡಿಯದೇ ಉದ್ದ ಅನ್ನಿಸಿದ್ದರೆ ಈ ಲಾರ್ಜ್ ಅದಕ್ಕಿಂತಲೂ ಉದ್ದ. ಸ್ಟ್ಯಾಂಡ್‌ಓವರ್ ಕೂಡ ಮೀಡಿಯಂನಲ್ಲಿ 4 ಸೆಂಟಿಮೀಟರ್ ಉಳಿಯುತ್ತದೆ, ಲಾರ್ಜ್‌ನಲ್ಲಿ 1. ಸೀಟನ್ನು 69ಕ್ಕೆ ಇಟ್ಟು ಶುರು ಮಾಡಿ. ಒಂದುವೇಳೆ ತುಸು ಇಕ್ಕಟ್ಟು ಅನ್ನಿಸಿದರೆ 90ರ ಸ್ಟೆಮ್ ಹಾಕಿಸಿ. ತಗೊಳ್ಳುವಾಗ ಸ್ಟೆಮ್ ಹ್ಯಾಂಡಲನ್ನು ಹಿಡಿಯುವ ಜಾಗದ ವ್ಯಾಸ 31.8 ಮಿಲಿಮೀಟರೋ 25.4 ಮಿಲಿಮೀಟರೋ ನೋಡಿಕೊಳ್ಳಿ, ಎರಡೂ ಬಳಕೆಯಲ್ಲಿವೆ.

ಡಬ್ಬ ಬಿಚ್ಚಿದವಳು:
ಆರ್ಡರ್ ಮಾಡುವ ಮೊದಲು ವಾಪಸ್ ಷರತ್ತು ಪೂರ್ತಿ ಓದಿ. ಒಮ್ಮೆ ಹೊರಗೆ ಓಡಿಸಿದರೆ ವಾಪಸ್ ಇಲ್ಲ ಅಂತ ಕೆಲವರು ಬರೆದಿರುತ್ತಾರೆ. ಹಾಗಿದ್ದರೆ ಸೀಟು ಹ್ಯಾಂಡಲ್ ಕೂರಿಸಿ, ಗೋಡೆ ಹಿಡಿದು ಮನೆಯೊಳಗೇ ಹತ್ತಿ ಕೂತು ಮೊದಲು ಸೈಜ್ ನೋಡಿ. ವಾಪಸ್ ಗಡುವು ಮುಗಿಯುವವರೆಗೆ ಡಬ್ಬ ಎಸೆಯಬೇಡಿ, ಗಾಲಿಯ ಅಚ್ಚಿಗೆ ಹಾಕಿದ್ದ ಪ್ಲಾಸ್ಟಿಕ್ ಟೋಪಿಗಳನ್ನೂ ಸೇರಿಸಿ.