ಅಡಿಕೆ ಬೆಳೆಗಾರರ ಗುಂಪಿನಲ್ಲಿ ಹಿರಿಯರೊಬ್ಬರ ಬೈಗುಳ: ಅಡ್ಮಿನ್ ಆಗಿ ನಾನೇನು ಮಾಡಲಿ?

ಪ್ರಶ್ನೆ: ಸಿರ್ಸಿ ಕಡೆಯ ತೋಟದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಎರಡು ಎಕರೆ ಅಡಿಕೆ ತೋಟ. 2017ರಲ್ಲಿ ಮೂರು ಜನ ಸೇರಿ ಬೆಳೆಗಾರರ ವಾಟ್ಸಾಪ್ ಗುಂಪು ಶುರು ಮಾಡಿದೆವು. ಆಗ ಒಂದು ಗುಂಪಿಗೆ 256 ಜನ ಅಷ್ಟೇ. 2022ರಲ್ಲಿ ಮಿತಿ 1024ಕ್ಕೆ ಏರಿತು. ಈಗ ನಮ್ಮಲ್ಲಿ ಆರುನೂರು ಚಿಲ್ಲರೆ ಜನ ಇದ್ದಾರೆ. ಸಿರ್ಸಿ, ಸಿದ್ದಾಪುರ, ಸಾಗರ, ಯಲ್ಲಾಪುರದವರು. ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಕೊನೆಗೌಡ ಸಿಗಲಿಲ್ಲ ಎಂದರೆ ಈ ಗುಂಪು, ಎಲೆಚುಕ್ಕಿ ರೋಗ ಕಂಡರೆ ಈ ಗುಂಪು, ಚಾಲಿ (ಒಣಗಿಸಿ ಸುಲಿದ ಅಡಿಕೆ) ರೇಟು ಕೇಳಬೇಕಾದರೂ ಇದೇ ಗುಂಪು.

ಇದರಲ್ಲಿ ಒಬ್ಬರು ಹಿರಿಯರಿದ್ದಾರೆ. ಅಡಿಕೆಯ ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ಮದ್ದಿನ ವಿಷಯದಲ್ಲಿ ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. ಅಪ್ಪನಿಗೆ ಲಕ್ವ ಹೊಡೆದು ತೋಟ ನನ್ನ ಕೈಗೆ ಬಂದ ವರ್ಷ ನನಗೆ ಕಲಿಸಿದ್ದೇ ಅವರು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿಗೆ. ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮ ಅಂಗಳದಲ್ಲಿ ನಿಂತು, ಅವರೇ ಕತ್ತಿ ಅದ್ದಿ, "ನೋಡು ತಂಗಿ, ಕೆಂಪು ಕಾಣ್ತಾ ಉಂಟಾ?" ಎಂದು ಬೆಳಕಿಗೆ ಹಿಡಿದು ತೋರಿಸಿದ್ದರು. ಆ ಋಣ ನನ್ನ ಮೇಲಿದೆ. ಅದಕ್ಕೇ ಇದನ್ನು ಬರೆಯುವುದು ಕಷ್ಟ ಆಗುತ್ತಿದೆ.

ಗುಂಪಿಗೆ ಬಂದರೆ ಅವರು ಬೇರೆಯೇ ಮನುಷ್ಯ. ಅಲ್ಲಿ ಇನ್ನೊಬ್ಬರು ಇದ್ದಾರೆ, ಸಗಣಿ ಗಂಜಲ ಕೊಳೆಸಿ ಮಾಡುವ ಜೀವಾಮೃತ ಬಿಟ್ಟು ಬೇರೇನೂ ತೋಟಕ್ಕೆ ಹಾಕದವರು. ಹಿರಿಯರು ಅವರನ್ನು "ಗಂಜಲದ ಡಾಕ್ಟ್ರು" ಎಂದು ಕರೆಯುತ್ತಾರೆ. ಅವರು ಇವರನ್ನು "ವಿಷದ ಏಜೆಂಟ್" ಎನ್ನುತ್ತಾರೆ. ಮೂರು ವರ್ಷದಿಂದ ಇದೇ. ಯಾರು ಏನೇ ಕೇಳಲಿ, ಹತ್ತನೇ ಮೆಸೇಜಿಗೆ ಈ ಇಬ್ಬರ ಜಗಳ ಶುರು. ಹೊಸಬರು ಸಿಕ್ಕರೆ ಇಬ್ಬರೂ ಅವರ ಮೇಲೇ ಬೀಳುತ್ತಾರೆ.

ಈ ಜೂನ್ ಮೊದಲ ವಾರ ಒಬ್ಬ ಹುಡುಗಿ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳು. ಇಪ್ಪತ್ತಾರು ವರ್ಷ, ತೋಟಕ್ಕೆ ಇಳಿದು ಒಂದೇ ವರ್ಷ. ಬೋರ್ಡೋ ಮಾಡಿಟ್ಟಿದ್ದಳು, ಮಳೆ ಹಿಡಿದು ಕೊನೆಗೌಡ ಬಂದಿರಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಮೊನ್ನೆ ಮಾಡಿದ ಬೋರ್ಡೋ ಇವತ್ತು ಹೊಡೆಯಬಹುದಾ?"

ಹಿರಿಯರು ಬರೆದರು: "ಇಷ್ಟೂ ಗೊತ್ತಿಲ್ಲದವಳು ತೋಟ ಯಾಕೆ ಇಟ್ಕೊಂಡಿದೀಯ? ಮಾರಿ ಬೆಂಗಳೂರಿಗೆ ಹೋಗು. ಇಲ್ಲ ಅಪ್ಪನ ಹತ್ರ ಕೇಳು." ಅವಳ ಅಪ್ಪ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಕೆಳಗೆ ಏಳೆಂಟು ಜನ ನಗುವ ಮುಖ ಹಾಕಿದರು. ಅಷ್ಟರಲ್ಲಿ ಜೀವಾಮೃತದವರು ಬಂದು "ಮೊನ್ನೆದಾದ್ರೇನು ಇವತ್ತಿಂದಾದ್ರೇನು, ವಿಷ ವಿಷವೇ" ಎಂದರು. ಶುರುವಾಯಿತು. ರಾತ್ರಿ ಒಂದೂವರೆವರೆಗೆ 94 ಮೆಸೇಜು. ನಾನು ಆಮೇಲೆ ಒಂದೊಂದೇ ಎಣಿಸಿದೆ. ಅಷ್ಟರಲ್ಲಿ ಒಂದರಲ್ಲೂ ಅವಳಿಗೆ ಉತ್ತರ ಇರಲಿಲ್ಲ. "ಬೇಡ, ಚೆಲ್ಲಿಬಿಡು, ಬೋರ್ಡೋ ಮಾಡಿದ ದಿನವೇ ಹೊಡೆಯಬೇಕು." ಈ ಒಂದು ಸಾಲು ಸಾಕಿತ್ತು. ನಾನೂ ಬರೆಯಲಿಲ್ಲ. ಮದುವೆ ಮನೆಯಲ್ಲಿದ್ದೆ, ರಾತ್ರಿ ನೋಡಿ "ಜಗಳ ನಿಲ್ಲಿಸಿ" ಎಂದು ಕೈಮುಗಿದು ಮಲಗಿದೆ.

ಆಗಸ್ಟಿನಲ್ಲಿ ಅವಳ ಊರಿನ ಕಡೆ ಹೋದಾಗ ತೋಟಕ್ಕೆ ಇಳಿದೆ. ಮರದ ಬುಡದಲ್ಲೆಲ್ಲ ಹಸಿರು ಕಾಯಿ ಚೆಲ್ಲಿತ್ತು. ತೊಟ್ಟಿನ ಸುತ್ತ ನೀರು ಕುಡಿದ ಹಾಗೆ ಕಪ್ಪು. ಕೆಲವದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಕೊಳೆ. ಜುಲೈನಲ್ಲಿ ಎರಡನೇ ಸಲ ಹೊಡೆದಿದ್ದೀಯಾ ಎಂದು ಕೇಳಿದೆ. ಇಲ್ಲವಂತೆ. ಎಷ್ಟು ದಿನಕ್ಕೆ ಹೊಡೆಯಬೇಕು ಅಂತ ಗೊತ್ತಿರಲಿಲ್ಲ. "ಕೇಳೋಕೆ ಹೆದರಿಕೆ ಆಯ್ತು ಅಕ್ಕ" ಎಂದಳು. ಮಳೆಯೂ ಈ ಸಲ ಬಿಡದೆ ಹೊಯ್ದಿದೆ, ಪೂರ್ತಿ ಬೈಗುಳದಿಂದಲೇ ಹೀಗಾಯ್ತು ಎನ್ನುವುದಿಲ್ಲ. ಆದರೆ ಆ ಮಾತು ನನ್ನನ್ನು ಬಿಡುತ್ತಿಲ್ಲ.

ಈಗ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ, ಅಲ್ವಾ? ಜೂನ್‌ನಿಂದ 41 ಜನ ಸುಮ್ನೆ ಹೋಗಿದ್ದಾರೆ. ಹೆಚ್ಚಿನವರು ಹೆಂಗಸರು ಮತ್ತು ಹೊಸಬರು. ಹಿರಿಯರನ್ನು ತೆಗೆಯುವ ಮಾತು ಎತ್ತಿದರೆ ಉಳಿದ ಇಬ್ಬರು ಅಡ್ಮಿನ್‌ಗಳು ಹಿಂದೆ ಸರಿಯುತ್ತಾರೆ. ಸೊಸೈಟಿಯಲ್ಲಿ, ಮದುವೆ ಮುಂಜಿಯಲ್ಲಿ ಮುಖ ನೋಡಬೇಕಲ್ಲ. ಹಿರಿಯರ ಕಡೆಯ ಒಬ್ಬರಂತೂ "ಗುಂಪಿನಲ್ಲಿ ಏನಾದರೂ ಆದರೆ 66ಎ ಕೇಸಿನಲ್ಲಿ ಅಡ್ಮಿನ್ ಜೈಲಿಗೆ" ಎಂದು ನನಗೇ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ 1: ತೀರ್ಥಹಳ್ಳಿಯವ

ಅಕ್ಕ, ನಾನು ಎಂಟು ವರ್ಷದಿಂದ ಇಂಥದೇ ಒಂದು ಗುಂಪು ನೋಡಿಕೊಳ್ಳುತ್ತಿದ್ದೇನೆ.

ಕೊಳೆಗೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಇಲ್ಲಿಗೆ ಬಂದವರು. ನೂರು ವರ್ಷ ದಾಟಿದ ಮದ್ದು ಇದು. ಅದರ ಬಗ್ಗೆ ಆರುನೂರು ಜನರಲ್ಲಿ ಒಬ್ಬರೂ ಒಂದು ಸಾಲು ಹೇಳಲಿಲ್ಲ ಎಂದರೆ ಗೊತ್ತಿರಲಿಲ್ಲ ಅಂತಲ್ಲ. ಬಾಯಿ ತೆರೆದರೆ ತಮ್ಮ ಮೇಲೂ ಬೀಳುತ್ತಾರೆ ಎಂಬ ಹೆದರಿಕೆ. ನಮ್ಮಲ್ಲೂ ಹಾಗೇ ಆಗಿತ್ತು.

ನಾವು ಮಾಡಿದ್ದು ಹೇಳುತ್ತೇನೆ. ಪ್ರಶ್ನೆ ಬಂದರೆ ಮೊದಲು ಉತ್ತರ, ಚರ್ಚೆ ಆಮೇಲೆ. ಉತ್ತರ ಇಲ್ಲದ ಬರೀ ಟೀಕೆಯನ್ನು ಅಡ್ಮಿನ್ ಎಲ್ಲರಿಗೂ ಅಳಿಸಿಬಿಡುವುದು. 2022ರಿಂದ ವಾಟ್ಸಾಪಿನಲ್ಲಿ ಅದಕ್ಕೆ ದಾರಿ ಇದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಡುತ್ತೇವೆ. ನಮ್ಮಲ್ಲಿ ಜಗಳ ಜಾಸ್ತಿ ಆಗುತ್ತಿದ್ದದ್ದು ರಾತ್ರಿ ಊಟದ ಮೇಲೆ, ಅದು ಅರ್ಧಕ್ಕೆ ಇಳಿಯಿತು. ಒಬ್ಬರನ್ನು ಮಾತ್ರ ಬರೆಯದ ಹಾಗೆ ಮಾಡುವ ವ್ಯವಸ್ಥೆ ವಾಟ್ಸಾಪಿನಲ್ಲಿಲ್ಲ. ಹಾಗಾಗಿ ಮೀರಿದವರನ್ನು ತೆಗೆಯಬೇಕು, ತಿಂಗಳು ಬಿಟ್ಟು ಸೇರಿಸಬೇಕು. ಇಬ್ಬರಿಗೂ ಒಂದೇ ನಿಯಮ. ಒಬ್ಬರನ್ನೇ ತೆಗೆದರೆ ಪಕ್ಷಪಾತ ಎನ್ನುತ್ತಾರೆ.

ಉತ್ತರ 2: ಹುಬ್ಬಳ್ಳಿ ವಕೀಲ

ಮೇಡಂ, ಕಾನೂನಿನ ಹೆದರಿಕೆ ಬಿಡಿ. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಮೆಸೇಜು ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆ ಹೆಸರು ಹೇಳಿ ಹೆದರಿಸುವವರಿಗೆ ಇಷ್ಟು ಹೇಳಿದರೆ ಸಾಕು. ಸದಸ್ಯರು ಬರೆದದ್ದಕ್ಕೆ, ಬರೀ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟೂ ಅದೇ ಮಾತು ಹೇಳಿತು. ಅಡ್ಮಿನ್ ತಾನೇ ಕೈಜೋಡಿಸಿದ್ದರೆ ಆ ಮಾತು ಬೇರೆ.

ಬೈಗುಳ ಬೆದರಿಕೆಗೆ ತಿರುಗಿದರೆ, ಅಥವಾ ಬೇಡವೆಂದರೂ ಯಾರಾದರೂ ಆ ಹುಡುಗಿಯ ಬೆನ್ನು ಬಿದ್ದರೆ, ಭಾರತೀಯ ನ್ಯಾಯ ಸಂಹಿತೆಯಲ್ಲಿ ದಾರಿ ಇದೆ. ಸ್ಕ್ರೀನ್‌ಶಾಟ್ ಸಾಲದು, ಮೆಸೇಜುಗಳನ್ನು ಫೋನಿನಿಂದ ಅಳಿಸದೆ ಹಾಗೇ ಇಟ್ಟಿರಿ. ಈಗಿನ ವಿಷಯ ಠಾಣೆಗೆ ಹೋಗುವಂಥದ್ದು ಎಂದು ನನಗೆ ಅನಿಸುವುದಿಲ್ಲ.

ಉತ್ತರ 3: ಯಕ್ಷಗಾನದ ಹುಚ್ಚಿನವ, ಕುಂದಾಪುರ

ತಂಗಿ, ನಾನು ಆ ಹಿರಿಯರಂಥವನೇ ಆಗಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯಕ್ಷಗಾನದ ಗುಂಪು. ಬಡಗು ತೆಂಕು ಎಂದು ಶುರುವಾದರೆ ನನಗೆ ಊಟ ನಿದ್ದೆ ಬೇಡ. ಹೊಸದಾಗಿ ಚೆಂಡೆ ಕಲಿಯುತ್ತಿದ್ದ ಹುಡುಗನೊಬ್ಬ ತಾನು ಬಾರಿಸಿದ್ದರ ವಿಡಿಯೋ ಹಾಕಿದ. "ಇದು ಚೆಂಡೆಯಾ, ಡಬ್ಬವಾ?" ಎಂದು ಬರೆದೆ. ನೂರು ಜನ ನಕ್ಕರು. ಆ ನಗು ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಅದೇ ಹುಡುಗ ನನ್ನೆದುರು ಕೂತು ಬಾರಿಸಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. ಕೈ ಹಿಡಿದು ತಿದ್ದುತ್ತಿದ್ದೆ. ಮೊಬೈಲಿನಲ್ಲಿ ಅವನ ಮುಖ ನನಗೆ ಕಾಣಲಿಲ್ಲ, ನಗುವವರು ಮಾತ್ರ ಕಂಡರು.

ಎರಡು ಸಲ ನನ್ನನ್ನು ತೆಗೆದರು. ತೆಗೆದಾಗಲೆಲ್ಲ ಸಿಟ್ಟು ಜಾಸ್ತಿ ಆಯಿತೇ ಹೊರತು ಬುದ್ಧಿ ಬರಲಿಲ್ಲ. ಮೂರನೇ ಸಲ ಅಡ್ಮಿನ್ ಮನೆಗೇ ಬಂದ. ಚಾ ಕುಡಿದ. "ಆ ಹುಡುಗ ಚೆಂಡೆ ಬಿಟ್ಟಿದ್ದಾನೆ ಮಾರಾಯ್ರೆ" ಎಂದ. ಅಷ್ಟೇ ಹೇಳಿದ್ದು. ನನಗೆ ಚಾ ಇಳಿಯಲಿಲ್ಲ. ಆ ಹುಡುಗ ಮತ್ತೆ ಚೆಂಡೆ ಮುಟ್ಟಿದನೋ ಇಲ್ಲವೋ, ನನಗೆ ಯಾರೂ ಹೇಳಿಲ್ಲ. ನಾನು ಕೇಳಲೂ ಇಲ್ಲ.

ನೀವು ಮೆಸೇಜ್ ಹಾಕಬೇಡಿ. ಅವರ ಮನೆಗೆ ಹೋಗಿ. ಎದುರು ಕೂತು ಹೇಳಿ.

ಪ್ರಶ್ನೆ ಕೇಳಿದವಳು

ನಿನ್ನೆ ಹೋಗಿದ್ದೆ. ಅಂಗಳದಲ್ಲೇ ಕೂತಿದ್ದರು. ಹುಡುಗಿಯ ತೋಟದಿಂದ ಹೆಕ್ಕಿ ತಂದಿದ್ದ ಎರಡು ಕೊಳೆ ಕಾಯಿ ಅವರ ಕೈಗೆ ಕೊಟ್ಟೆ. ತೊಟ್ಟು ತಿರುಗಿಸಿ ನೋಡಿ, "ಎರಡನೇ ಸಲ ಹೊಡೆದಿಲ್ಲ ಇವ್ರು. ನಲವತ್ತೈದು ದಿನ ದಾಟಿಸಬಾರದು" ಎಂದರು. ಯಾರ ತೋಟದ್ದು ಎಂದು ಕೇಳಿದರು. ಹೇಳಿದೆ. ಜೂನಿನಲ್ಲಿ ಅವಳು ಕೇಳಿದ್ದನ್ನೂ, ಅವರು ಬರೆದದ್ದನ್ನೂ ಫೋನಿನಲ್ಲಿ ತೆಗೆದು ತೋರಿಸಿದೆ. ಕನ್ನಡಕ ತಂದು ಓದಿದರು. ಅಪ್ಪ ತೀರಿಕೊಂಡದ್ದು ಗೊತ್ತಿರಲಿಲ್ಲ ಎಂದರು. ತಪ್ಪಾಯ್ತು ಎನ್ನಲಿಲ್ಲ. "ಗುಂಪಿನಲ್ಲಿ ಅವನೂ ಸುಮ್ನಿರಬೇಕಲ್ಲ" ಎಂದು ಜೀವಾಮೃತದವರ ಮೇಲೆ ಹಾಕಿದರು. ನಾನು ಪಟ್ಟು ಬಿಡಲಿಲ್ಲ. ಮುಂದಿನ ತಿಂಗಳಿಡೀ ಇಬ್ಬರೂ ಹೊರಗೆ, ನಿಯಮ ಒಪ್ಪಿದರೆ ಮಾತ್ರ ವಾಪಸ್ ಎಂದೆ. ಧ್ವನಿ ನಡುಗಿತು, ಆದರೂ ಹೇಳಿದೆ.

ಹೊರಡುವಾಗ ಹಿಂದಿನಿಂದ ಕರೆದು, "ಆ ಹುಡುಗಿ ನಂಬರ್ ಕೊಡು, ಬರುವ ಮಳೆಗಾಲಕ್ಕೆ ಮುಂಚೆ ನಾನೇ ಹೋಗಿ ಮಾಡಿ ತೋರಿಸ್ತೇನೆ" ಎಂದರು. ಅವಳನ್ನು ಕೇಳದೆ ಕೊಡುವುದಿಲ್ಲ ಎಂದೆ. ರಾತ್ರಿ ಅವಳಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಈಗ ಬೇಡ ಅಕ್ಕ. ನೀವೇ ಬನ್ನಿ" ಎಂದಳು. ಅದನ್ನೇ ಅವರಿಗೆ ಬರೆದು ಕಳಿಸಿದೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.

ಮೇ ಕೊನೆಗೆ ಅವಳ ತೋಟಕ್ಕೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಉಜ್ಜಿದ ಕತ್ತಿ ನಾನೇ ಒಯ್ಯುತ್ತೇನೆ.